ಸಿಮ್‌ಲಿಂಕ್, ಪರ್ಮಿಷನ್, 403: ಐವತ್ತು ವರ್ಷದ ಹಳೇ ಲೆಕ್ಕ

ವೆಬ್ ಸರ್ವರ್ ಜೊತೆ ಸ್ವಲ್ಪ ದಿನ ಒದ್ದಾಡಿದವರಿಗೆಲ್ಲ ಈ ಪರಿಸ್ಥಿತಿ ಗೊತ್ತಿರುತ್ತೆ. ಹಬ್ಬದ ಫೋಟೋಗಳೋ, ಹಳೇ ಪುಸ್ತಕದ ಪಿಡಿಎಫ್‌ಗಳೋ ತುಂಬಿರೋ ಒಂದು ಫೋಲ್ಡರ್ ನಮ್ಮ ಹೋಮ್ ಡೈರೆಕ್ಟರಿಯಲ್ಲಿದೆ. ಅಷ್ಟನ್ನೂ ನಕಲು ಮಾಡಿ ಸರ್ವರ್ ಜಾಗಕ್ಕೆ ಹಾಕೋ ಬದಲು ಒಂದು ಸಿಂಬಾಲಿಕ್ ಲಿಂಕ್ ಹಾಕಿಬಿಡೋಣ ಅಂತ ಹಾಕ್ತೀವಿ. ಬ್ರೌಸರ್ ತೆರೆದರೆ ಬರೋದು '403 ಫರ್ಬಿಡನ್'. ಫೈಲ್ ಇದೆ, ಲಿಂಕ್ ಇದೆ, ಟರ್ಮಿನಲ್‌ನಲ್ಲಿ ನೋಡಿದರೆ ಎರಡೂ ಸರಿಯಾಗೇ ತೆರೆಯುತ್ತವೆ. ಸರ್ವರ್‌ಗೆ ಮಾತ್ರ ಆಗಲ್ಲ. ಆಗ ಪಕ್ಕದಲ್ಲಿ ಕೂತವರು ಯಾರಾದರೂ "777 ಕೊಡ್ರಿ, ಎಲ್ಲಾ ಸರಿಹೋಗುತ್ತೆ" ಅಂತಾರೆ. ಕೊಟ್ಟರೆ ಕೆಲವು ಸಲ ಸರಿಹೋಗೋದೂ ನಿಜ. ಆದರೆ ಅದು ನಮ್ಮ ಹೊಲಕ್ಕೆ ಬಂಡಿ ಹೋಗ್ತಿಲ್ಲ ಅಂತ ಊರಿನ ಬೇಲಿಯನ್ನೆಲ್ಲ ಕಿತ್ತು ಹಾಕಿದ ಹಾಗೆ.

ಇದರಲ್ಲಿ ಇರೋದು ಒಂದು ಸಮಸ್ಯೆ ಅಲ್ಲ, ಒಂದರ ಮೇಲೊಂದು ಕೂತಿರೋ ಮೂರು ನಿಯಮಗಳು. ಫೈಲ್ ಪರ್ಮಿಷನ್ 1970ರ ದಶಕದ್ದು. ಸಿಂಬಾಲಿಕ್ ಲಿಂಕ್ ಯುನಿಕ್ಸ್ ಲೋಕದಲ್ಲಿ ಎಲ್ಲರ ಕೈಗೆ ಸಿಕ್ಕಿದ್ದು 1983ರಲ್ಲಿ. ವೆಬ್ ಸರ್ವರಿನ ನಿಯಮಗಳು 1993ರ ಆಚೆಯವು. ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಷ್ಟಕ್ಕೆ ಮಾಡಿಕೊಂಡ ಪರಿಹಾರಗಳಿವು. ಯಾವ ಗಂಟನ್ನ ಯಾರು ಯಾಕೆ ಹಾಕಿದರು ಅಂತ ಗೊತ್ತಾದರೆ ಬಿಚ್ಚೋದು ಸುಲಭ.

ಹೆಸರು ಬೇರೆ, ಆಸಾಮಿ ಬೇರೆ

1960ರ ದಶಕದ ನಡುವಿನಲ್ಲಿ ಅಮೆರಿಕದ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟೋಕೆ ಹೊರಟಿದ್ದರು. ಅದರ ಫೈಲ್ ವ್ಯವಸ್ಥೆ ಹೇಗಿರಬೇಕು ಅಂತ ಡೇಲಿ ಮತ್ತು ನ್ಯೂಮನ್ 1965ರಲ್ಲಿ ಒಂದು ಪ್ರಬಂಧ ಬರೆದರು. ಇವತ್ತು ನಾವು ಸಿಂಬಾಲಿಕ್ ಲಿಂಕ್ ಅನ್ನೋದರ ಮೂಲ ಕಲ್ಪನೆ, ಅಂದರೆ ಒಂದು ಡೈರೆಕ್ಟರಿಯಲ್ಲಿ ಕೂತು ಇನ್ನೊಂದು ಜಾಗದ ವಿಳಾಸ ಹೇಳೋ ನಮೂದು, ಆಗಲೇ ಅದರಲ್ಲಿತ್ತು.

1969ರಲ್ಲಿ ಬೆಲ್ ಲ್ಯಾಬ್ಸ್ ಆ ಯೋಜನೆಯಿಂದ ಹೊರಬಂತು. ಅಲ್ಲಿದ್ದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಗೆಳೆಯರು ಪಿಡಿಪಿ-7 ಅನ್ನೋ ಪುಟ್ಟ ಯಂತ್ರದ ಮೇಲೆ ತಮ್ಮದೇ ಒಂದು ಸಣ್ಣ ಸಿಸ್ಟಂ ಮಾಡಿಕೊಂಡರು. ಅದೇ ಯುನಿಕ್ಸ್. ಯಂತ್ರವೂ ಚಿಕ್ಕದು, ಮೆಮೊರಿಯೂ ಕಮ್ಮಿ, ಹಾಗಾಗಿ ಮಲ್ಟಿಕ್ಸ್‌ನಲ್ಲಿದ್ದ ಎಷ್ಟೋ ಸೌಕರ್ಯಗಳನ್ನ ಬಿಟ್ಟರು. ವಿಳಾಸ ಹೇಳೋ ಲಿಂಕ್ ಕೂಡ ಹೋಯ್ತು. ಅದರ ಬದಲು ಬಂದಿದ್ದು ಇನ್ನೂ ಸರಳವಾದ ಒಂದು ಉಪಾಯ.

ಯುನಿಕ್ಸ್‌ನಲ್ಲಿ ಪ್ರತಿ ಫೈಲಿಗೂ ಒಂದು ಐನೋಡ್ ಇರುತ್ತೆ. ಮಾಲೀಕ ಯಾರು, ಗಾತ್ರ ಎಷ್ಟು, ಡಿಸ್ಕ್‌ನಲ್ಲಿ ಎಲ್ಲಿದೆ, ಯಾರಿಗೆ ಏನು ಅನುಮತಿ, ಎಲ್ಲಾ ಅದರಲ್ಲೇ. ('ಐ' ಅಂದರೆ ಏನು ಅಂತ ಕೇಳಿದಾಗ ರಿಚಿಗೂ ಸರಿಯಾಗಿ ನೆನಪಿರಲಿಲ್ಲ. 'ಇಂಡೆಕ್ಸ್' ಇರಬೇಕು ಅಂತ ಊಹೆ ಹೇಳಿದ್ದರು.) ಐನೋಡ್‌ನಲ್ಲಿ ಇಲ್ಲದೇ ಇರೋದು ಒಂದೇ: ಫೈಲಿನ ಹೆಸರು. ಹೆಸರು ಇರೋದು ಡೈರೆಕ್ಟರಿಯಲ್ಲಿ. ಡೈರೆಕ್ಟರಿ ಅಂದರೆ 'ಈ ಹೆಸರಿಗೆ ಈ ಐನೋಡ್ ನಂಬರ್' ಅನ್ನೋ ಪಟ್ಟಿ, ಅಷ್ಟೇ. ಹಾಗಾಗಿ ಒಂದೇ ಐನೋಡ್‌ಗೆ ಎರಡು ಹೆಸರು ಇಡಬಹುದು. ತವರಲ್ಲಿ ಪುಟ್ಟಿ, ಗಂಡನ ಮನೇಲಿ ಸಾವಿತ್ರಮ್ಮ, ಆದರೆ ಇರೋ ಹೆಂಗಸು ಒಬ್ಬಳೇ ಅಲ್ವಾ, ಹಂಗೆ. ಇದೇ ಹಾರ್ಡ್ ಲಿಂಕ್. ಇದರಲ್ಲಿ ಯಾವುದು ಅಸಲಿ ಹೆಸರು, ಯಾವುದು ಅಡ್ಡಹೆಸರು ಅನ್ನೋ ಭೇದವೇ ಇಲ್ಲ. ಅನುಮತಿ ಐನೋಡ್‌ನಲ್ಲಿರೋದರಿಂದ ಯಾವ ಹೆಸರಿನಿಂದ ಕರೆದರೂ ಅನುಮತಿ ಅದೇ.

ಏಳು ಬಿಟ್, ಆಮೇಲೆ ಹತ್ತು

ಅನುಮತಿಯ ಕತೆಯೂ ಒಂದೇ ದಿನದಲ್ಲಿ ಮುಗಿದಿದ್ದಲ್ಲ. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಯುನಿಕ್ಸ್ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಒಂದು ಫೈಲಿಗೆ ಏಳು ರಕ್ಷಣಾ ಬಿಟ್‌ಗಳಿದ್ದವು. ಓದು, ಬರೆ, ನಡೆಸು ಅನ್ನೋ ಮೂರು ಮಾಲೀಕನಿಗೆ, ಅದೇ ಮೂರು ಉಳಿದವರಿಗೆಲ್ಲ, ಏಳನೆಯದು ಸೆಟ್-ಯುಐಡಿ. ಅದೇ ಪ್ರಬಂಧವನ್ನ 1978ರಲ್ಲಿ ತಿದ್ದಿ ಮತ್ತೆ ಅಚ್ಚು ಹಾಕಿಸೋ ಹೊತ್ತಿಗೆ ಏಳು ಹೋಗಿ ಹತ್ತಾಗಿತ್ತು. ನಡುವೆ 'ಗುಂಪು' ಅನ್ನೋ ಮೂರನೇ ವರ್ಗ ಬಂದು ಸೇರಿಕೊಂಡಿತ್ತು. ನಾವು ಇವತ್ತು ಬರೆಯೋ 755, 644ರ ಮೂರು ಅಂಕಿಗಳು ಇವೇ: ಮಾಲೀಕ, ಗುಂಪು, ಉಳಿದವರು. ಓದೋಕೆ 4, ಬರೆಯೋಕೆ 2, ನಡೆಸೋಕೆ 1, ಕೂಡಿಸಿಕೊಂಡರಾಯ್ತು.

ಇಲ್ಲಿ ಎಲ್ಲರೂ ಎಡವೋ ಕಲ್ಲು ಒಂದಿದೆ. ಡೈರೆಕ್ಟರಿಯನ್ನ 'ನಡೆಸೋದು' ಅಂದರೇನು? ಡೈರೆಕ್ಟರಿ ಪ್ರೋಗ್ರಾಂ ಅಲ್ಲವಲ್ಲ. ಖಾಲಿ ಬಿದ್ದಿದ್ದ ಆ ಬಿಟ್‌ಗೆ ಯುನಿಕ್ಸ್‌ನವರು ಬೇರೆ ಅರ್ಥ ಕೊಟ್ಟರು: ಈ ಡೈರೆಕ್ಟರಿಯನ್ನ ದಾಟಿಕೊಂಡು ಒಳಗೆ ಹೋಗಬಹುದು ಅಂತ. ಓದೋ ಅನುಮತಿ ಇದ್ದರೆ ಒಳಗೆ ಯಾವ ಯಾವ ಹೆಸರಿದೆ ಅಂತ ಪಟ್ಟಿ ನೋಡಬಹುದು. ದಾಟೋ ಅನುಮತಿ ಇದ್ದರೆ, ಹೆಸರು ಗೊತ್ತಿರೋ ಫೈಲಿನ ಹತ್ತಿರ ಹೋಗಬಹುದು. ಎರಡೂ ಬೇರೆ ಬೇರೆ.

ಹಳ್ಳಿ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಪಹಣಿ ನಿಮ್ಮ ಹೆಸರಲ್ಲಿದೆ, ಹೊಲ ನಿಮ್ಮದೇ, ಅದರ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಹೊಲಕ್ಕೆ ಹೋಗೋ ದಾರಿ ಮೂರು ಜನರ ಜಮೀನು ದಾಟಿ ಹೋಗುತ್ತೆ. ಮೊದಲ ಇಬ್ಬರು ಬಿಡ್ತಾರೆ, ಮೂರನೆಯವನು ಅಡ್ಡ ಬೇಲಿ ಹಾಕಿದ್ದಾನೆ. ಪಹಣಿ ಇಟ್ಟುಕೊಂಡು ಏನು ಮಾಡ್ತೀರಿ? ವೆಬ್ ಸರ್ವರಿನ ಕತೆಯೂ ಅದೇ. ಕೊನೆಯ ಫೈಲಿಗೆ ಎಷ್ಟೇ ಧಾರಾಳವಾಗಿ ಅನುಮತಿ ಕೊಟ್ಟರೂ, ಬೇರಿನಿಂದ ಹಿಡಿದು ಅಲ್ಲಿಯವರೆಗಿನ ಒಂದೊಂದು ಡೈರೆಕ್ಟರಿಯಲ್ಲೂ ದಾಟೋ ಹಕ್ಕು ಬೇಕು. ಒಂದು ಕಡೆ ತಪ್ಪಿದರೂ ಯಂತ್ರ ಹೇಳೋದು 'ಪರ್ಮಿಷನ್ ಡಿನೈಡ್', ಅದರ ಪಕ್ಕ 13 ಅನ್ನೋ ನಂಬರ್. ಆ 13 ಕೂಡ 70ರ ದಶಕದ ಯುನಿಕ್ಸ್‌ನದ್ದೇ. ಇವತ್ತಿಗೂ ಅಪಾಚೆ ಎರರ್ ಲಾಗ್‌ನಲ್ಲಿ ಹಾಗೇ ಅಚ್ಚಾಗುತ್ತೆ.

ಬರ್ಕ್ಲಿಯವರು ವಾಪಸ್ ತಂದಿದ್ದು

ಹಾರ್ಡ್ ಲಿಂಕ್‌ಗೆ ಒಂದು ದೊಡ್ಡ ಮಿತಿ ಇತ್ತು. ಐನೋಡ್ ನಂಬರ್ ಆಯಾ ಡಿಸ್ಕಿನ ಒಳಗಿನ ಲೆಕ್ಕ. ಈ ಡಿಸ್ಕಿನ 500ನೇ ನಂಬರ್ ಬೇರೆ, ಆ ಡಿಸ್ಕಿನ 500ನೇ ನಂಬರ್ ಬೇರೆ. ಹಾಗಾಗಿ ಒಂದು ಫೈಲ್ ಸಿಸ್ಟಂನಿಂದ ಇನ್ನೊಂದಕ್ಕೆ ಹಾರ್ಡ್ ಲಿಂಕ್ ಹಾಕೋಕೇ ಬರಲ್ಲ. ಡೈರೆಕ್ಟರಿಗಳಿಗೆ ಹಾಕಿದರೆ ಮರ ಹೋಗಿ ಸುತ್ತು ಬಳ್ಳಿಯಾಗೋ ಭಯ, ಅದಕ್ಕೇ ಸಾಮಾನ್ಯ ಬಳಕೆದಾರರಿಗೆ ಅದು ನಿಷಿದ್ಧ. ಯಂತ್ರಕ್ಕೆ ಒಂದೆರಡು ಸಣ್ಣ ಡಿಸ್ಕ್ ಇದ್ದಾಗ ಇದು ನಡೆಯಿತು. ಡಿಸ್ಕ್‌ಗಳು ಜಾಸ್ತಿಯಾಗಿ, ಯಂತ್ರಗಳು ಜಾಲದಲ್ಲಿ ಸೇರಿಕೊಂಡ ಮೇಲೆ ಕಷ್ಟವಾಯ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡಾರ್ಪಾ ಹಣದಿಂದ ಯುನಿಕ್ಸ್ ಬೆಳೆಸುತ್ತಿದ್ದ ಗುಂಪು 1983ರ ಆಗಸ್ಟ್‌ನಲ್ಲಿ 4.2ಬಿಎಸ್‌ಡಿ ಬಿಡುಗಡೆ ಮಾಡಿತು. ಮೆಕ್ಯುಸಿಕ್, ಬಿಲ್ ಜಾಯ್, ಲೆಫ್ಲರ್, ಫ್ಯಾಬ್ರಿ ಸೇರಿ ರೂಪಿಸಿದ ಹೊಸ ಫೈಲ್ ಸಿಸ್ಟಂ ಅದರಲ್ಲಿತ್ತು, ಜೊತೆಗೆ ಸಿಂಬಾಲಿಕ್ ಲಿಂಕ್ ಕೂಡ. ಥಾಂಪ್ಸನ್-ರಿಚಿ ಬಿಟ್ಟಿದ್ದ ಮಲ್ಟಿಕ್ಸ್‌ನ ಕಲ್ಪನೆ ಹದಿನಾಲ್ಕು ವರ್ಷದ ಮೇಲೆ ಹಿಂಬಾಗಿಲಿಂದ ಒಳಗೆ ಬಂತು.

ಇದರ ರಚನೆ ತುಂಬಾ ಸರಳ. ಸಿಮ್‌ಲಿಂಕ್ ಅಂದರೆ ಒಳಗೆ ಒಂದು ವಿಳಾಸ ಬರೆದಿಟ್ಟಿರೋ ಪುಟ್ಟ ಫೈಲ್. ಕರ್ನಲ್ ದಾರಿಯಲ್ಲಿ ನಡೆಯುತ್ತಾ ಅದನ್ನ ಕಂಡರೆ, ಆ ವಿಳಾಸವನ್ನ ಉಳಿದ ದಾರಿಯ ಮುಂದೆ ಜೋಡಿಸಿಕೊಂಡು ಮತ್ತೆ ನಡೆಯೋಕೆ ಶುರುಮಾಡುತ್ತೆ. ಇದರಿಂದ ಹುಟ್ಟೋ ಮೂರು ವಿಷಯಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು, ವಿಳಾಸ ಓರೆಗೀಟಿನಿಂದ ಶುರುವಾಗಿದ್ದರೆ ಬೇರಿನಿಂದ ಹುಡುಕುತ್ತೆ. ಇಲ್ಲದಿದ್ದರೆ ಲಿಂಕ್ ಇರೋ ಡೈರೆಕ್ಟರಿಯಿಂದ ಹುಡುಕುತ್ತೆ, ನೀವು ಕಮಾಂಡ್ ಹೊಡೆದಾಗ ನಿಂತಿದ್ದ ಜಾಗದಿಂದ ಅಲ್ಲ. ಅರ್ಧಕ್ಕರ್ಧ ಮುರಿದ ಲಿಂಕ್‌ಗಳ ಕಾರಣ ಇದೇ. ಎರಡು, ಲಿಂಕ್ ತೋರಿಸೋ ಜಾಗದಲ್ಲಿ ಏನೂ ಇಲ್ಲದಿದ್ದರೂ ಲಿಂಕ್ ಇರುತ್ತೆ. ಕೈಮರದ ಹಲಗೆಯಲ್ಲಿರೋ ಊರು ಹಿನ್ನೀರಲ್ಲಿ ಮುಳುಗಿದ್ದರೂ ಹಲಗೆ ನಿಂತೇ ಇರುತ್ತಲ್ಲ, ಹಾಗೆ. ಮೂರು, ಲಿಂಕ್‌ಗೆ ಸ್ವಂತ ಅನುಮತಿ ಅಂತ ಲೆಕ್ಕಕ್ಕೆ ಬರೋದು ಏನೂ ಇಲ್ಲ. ಲಿನಕ್ಸ್‌ನಲ್ಲಿ ಪಟ್ಟಿ ತೆಗೆದು ನೋಡಿದರೆ ಲಿಂಕ್ ಮುಂದೆ ಎಲ್ಲಾ ಒಂಬತ್ತು ಅಕ್ಷರವೂ ಕಾಣುತ್ತೆ, ಅಂದರೆ 777. ಅದನ್ನ ನೋಡಿ 'ಎಲ್ಲಾ ಬಾಗಿಲು ತೆಗೆದಿದೆಯಲ್ಲ' ಅಂದುಕೊಳ್ತಾರೆ. ಆ 777 ಬರೀ ಅಲಂಕಾರ. ನಿಜವಾದ ತಪಾಸಣೆ ನಡೆಯೋದು ಲಿಂಕ್ ತೋರಿಸೋ ದಾರಿಯ ಪ್ರತಿ ಹೆಜ್ಜೆಯಲ್ಲಿ. ದಾರಿ ತೋರಿಸೋದು ಬೇರೆ, ಒಳಗೆ ಬಿಡೋದು ಬೇರೆ.

ಒಂದು ಲಿಂಕ್ ಇನ್ನೊಂದನ್ನ ತೋರಿಸಿ, ಅದು ಮತ್ತೆ ಮೊದಲನೆಯದನ್ನೇ ತೋರಿಸಿದರೆ? ಅದಕ್ಕೆ 4.2ಬಿಎಸ್‌ಡಿ ಎಂಟು ಲಿಂಕ್ ಆದ ಮೇಲೆ ಸಾಕು ಅಂತ ನಿಲ್ಲಿಸುತ್ತಿತ್ತು. ಇವತ್ತಿನ ಲಿನಕ್ಸ್ 40ರವರೆಗೆ ತಾಳುತ್ತೆ.

ಹುಸಿ ಕೈಮರ

ಈ ಅನುಕೂಲದ ಬೆನ್ನಿಗೇ ಅಪಾಯವೂ ಬಂತು. ಯಾವ ಜಾಗವನ್ನ ಬೇಕಾದರೂ ತೋರಿಸೋ ಲಿಂಕ್ ಹಾಕೋಕೆ ಆ ಜಾಗದ ಮೇಲೆ ಹಕ್ಕು ಬೇಕಿಲ್ಲ. ಎಲ್ಲರೂ ಬರೆಯಬಹುದಾದ ಟೆಂಪ್ ಡೈರೆಕ್ಟರಿಯಲ್ಲಿ ಒಬ್ಬ ಕಿಡಿಗೇಡಿ ಒಂದು ಲಿಂಕ್ ಹಾಕಿ ಪಾಸ್‌ವರ್ಡ್ ಫೈಲ್ ಕಡೆ ತಿರುಗಿಸಿ ಇಡುತ್ತಾನೆ. ರೂಟ್ ಅಧಿಕಾರ ಇರೋ ಯಾವುದೋ ಪ್ರೋಗ್ರಾಂ ಅದು ತನ್ನದೇ ತಾತ್ಕಾಲಿಕ ಫೈಲ್ ಅಂದುಕೊಂಡು ಅದರಲ್ಲಿ ಬರೆಯುತ್ತೆ. ಬರಹ ಹೋಗಿ ಬೀಳೋದು ಪಾಸ್‌ವರ್ಡ್ ಫೈಲಿನ ಮೇಲೆ. ಮೊದಲು ಪರೀಕ್ಷೆ ಮಾಡಿ ಆಮೇಲೆ ತೆರೆಯೋಣ ಅಂದರೂ ಪ್ರಯೋಜನ ಇಲ್ಲ. ಪರೀಕ್ಷೆಗೂ ತೆರೆಯೋದಕ್ಕೂ ನಡುವಿನ ಕಣ್ಣುಮುಚ್ಚಿ ತೆರೆಯೋ ಹೊತ್ತಲ್ಲಿ ಲಿಂಕ್ ಬದಲಾಯಿಸಿಬಿಡಬಹುದು. ಇದಕ್ಕೆ ರೇಸ್ ಕಂಡಿಷನ್ ಅಂತಾರೆ. ಬಿಷಪ್ ಮತ್ತು ಡಿಲ್ಗರ್ 1996ರಲ್ಲಿ ಇದರ ಬಗ್ಗೇ ಒಂದು ಪ್ರಬಂಧ ಬರೆದರು.

1986ರ 4.3ಬಿಎಸ್‌ಡಿ ಸ್ಟಿಕಿ ಬಿಟ್‌ಗೆ ಹೊಸ ಕೆಲಸ ಕೊಟ್ಟು, ಸಾರ್ವಜನಿಕ ಡೈರೆಕ್ಟರಿಯಲ್ಲಿ ಒಬ್ಬರ ಫೈಲನ್ನ ಇನ್ನೊಬ್ಬರು ಅಳಿಸದ ಹಾಗೆ ಮಾಡಿತ್ತು. ಲಿಂಕ್‌ನ ಮೋಸಕ್ಕೆ ಮಾತ್ರ ಲಿನಕ್ಸ್ ಕರ್ನಲ್‌ನ ಒಳಗೇ ತಡೆ ಬಂದಿದ್ದು 2012ರಲ್ಲಿ, 3.6 ಆವೃತ್ತಿಯಲ್ಲಿ. ಆ ತಡೆ ಚಾಲೂ ಇದ್ದರೆ, ಅಂಥಾ ಡೈರೆಕ್ಟರಿಗಳಲ್ಲಿ ಲಿಂಕ್ ಹಾಕಿದವನೇ ನಡೆಯಬೇಕು, ಇಲ್ಲಾ ಆ ಡೈರೆಕ್ಟರಿಯ ಮಾಲೀಕನೇ ಲಿಂಕಿಗೂ ಮಾಲೀಕನಾಗಿರಬೇಕು. ಗುಣ 1983ರಿಂದಲೇ ಗೊತ್ತಿದ್ದದ್ದು, ಮದ್ದು ಬಂದಿದ್ದು ಇಪ್ಪತ್ತೊಂಬತ್ತು ವರ್ಷದ ಮೇಲೆ.

ವೆಬ್ ಬಂತು, ನೆಂಟರೂ ಬಂದರು

1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಒಂದು ವೆಬ್ ಸರ್ವರ್ ಬರೆದ. 1994ರಲ್ಲಿ ಅವನು ಅಲ್ಲಿಂದ ಹೊರಟ ಮೇಲೆ, ಅದನ್ನ ಬಳಸುತ್ತಿದ್ದ ಜನ ತಮ್ಮ ತಮ್ಮ ತೇಪೆಗಳನ್ನ ಒಟ್ಟುಗೂಡಿಸಿ 1995ರಲ್ಲಿ ಅಪಾಚೆ ಮಾಡಿಕೊಂಡರು. ಎನ್‌ಸಿಎಸ್‌ಎ ಸರ್ವರಿನ ಕಾನ್ಫಿಗ್ ಭಾಷೆಯೇ ಅಪಾಚೆಗೂ ಬಂತು.

ಆ ಕಾಲದ ಯುನಿವರ್ಸಿಟಿ ಯಂತ್ರ ಹೇಗಿತ್ತು ಅಂದರೆ, ನೂರಾರು ವಿದ್ಯಾರ್ಥಿಗಳಿಗೆ ಒಂದೇ ಗಣಕ. ಪ್ರತಿಯೊಬ್ಬರ ಹೋಮ್‌ನಲ್ಲೂ 'ಪಬ್ಲಿಕ್ ಎಚ್‌ಟಿಎಂಎಲ್' ಅನ್ನೋ ಒಂದು ಡೈರೆಕ್ಟರಿ. ಅದರಲ್ಲಿ ಹಾಕಿದ್ದೆಲ್ಲ ಜಗತ್ತಿಗೆ ಕಾಣುತ್ತೆ. ಅದರಲ್ಲಿ ಒಬ್ಬ ಇಡೀ ಯಂತ್ರದ ಬೇರಿಗೇ ಒಂದು ಸಿಮ್‌ಲಿಂಕ್ ಹಾಕಿದರೆ? ಸರ್ವರ್ ಓದಬಹುದಾದ ಎಲ್ಲವೂ ಬೀದಿಗೆ ಬಂದಂತೆ. ಅದಕ್ಕೇ ಸರ್ವರ್ ಬರೆದವರು ತಮ್ಮ ಕಡೆಯಿಂದ ಇನ್ನೊಂದು ಬಾಗಿಲು ಇಟ್ಟರು. 'ಫಾಲೋ ಸಿಮ್‌ಲಿಂಕ್ಸ್' ಅಂತ ಬರೆದಿದ್ದರೆ ಲಿಂಕ್ ಹಿಡಿದು ಹೋಗುತ್ತೆ. 'ಸಿಮ್‌ಲಿಂಕ್ಸ್ ಇಫ್ ಓನರ್ ಮ್ಯಾಚ್' ಅಂತ ಬರೆದಿದ್ದರೆ ಲಿಂಕಿನ ಮಾಲೀಕ ಮತ್ತು ಅದು ತೋರಿಸೋ ಫೈಲಿನ ಮಾಲೀಕ ಒಬ್ಬನೇ ಆಗಿದ್ದರೆ ಮಾತ್ರ ಹೋಗುತ್ತೆ. ಎರಡೂ ಇಲ್ಲದಿದ್ದರೆ ಹೋಗೋದೇ ಇಲ್ಲ.

ಎರಡನೇ ನಿಯಮ ನ್ಯಾಯವಾಗಿಯೇ ಕಾಣುತ್ತೆ. ಆದರೆ ಅದಕ್ಕೆ ಸರ್ವರ್ ಪ್ರತಿ ಕೋರಿಕೆಗೂ ದಾರಿಯ ಪ್ರತಿ ತುಂಡನ್ನೂ ಪರೀಕ್ಷೆ ಮಾಡಬೇಕು, ಹಾಗಾಗಿ ನಿಧಾನ. ಇನ್ನೂ ಮುಖ್ಯವಾಗಿ, ಪರೀಕ್ಷೆಗೂ ತೆರೆಯೋದಕ್ಕೂ ನಡುವೆ ಅದೇ ಹಳೇ ರೇಸ್ ಕಂಡಿಷನ್. ಇದನ್ನ ಭದ್ರತೆ ಅಂತ ನಂಬಬೇಡಿ ಅಂತ ಅಪಾಚೆಯ ಕೈಪಿಡಿಯೇ ಹೇಳುತ್ತೆ.

ಇದು ನಿಜವಾಗಿ ಜನರ ಹೊಟ್ಟೆ ಮೇಲೆ ಹೊಡೆದಿದ್ದು ಷೇರ್ಡ್ ಹೋಸ್ಟಿಂಗ್‌ನಲ್ಲಿ. ಒಂದೇ ಯಂತ್ರದಲ್ಲಿ ನೂರಾರು ಸೈಟುಗಳು: ಒಂದು ಅಂಗಡಿಯದು, ಒಂದು ಶಾಲೆಯದು, ಒಂದು ಪತ್ರಿಕೆಯದು. ಎಲ್ಲರ ಫೈಲುಗಳನ್ನೂ ಓದೋದು ಒಂದೇ ವೆಬ್ ಸರ್ವರ್ ಬಳಕೆದಾರ. ಕಳ್ಳ ಅದೇ ಯಂತ್ರದಲ್ಲಿ ಒಂದು ಅಕೌಂಟ್ ಹಿಡಿದು, ಪಕ್ಕದವರ ಕಾನ್ಫಿಗ್ ಫೈಲಿಗೆ ಲಿಂಕ್ ಹಾಕಿ, ಲಿಂಕಿನ ಹೆಸರನ್ನ '.ಟಿಎಕ್ಸ್‌ಟಿ' ಅಂತ ಇಟ್ಟು ಬ್ರೌಸರ್‌ನಲ್ಲಿ ತೆರೆದರೆ ಡೇಟಾಬೇಸ್ ಪಾಸ್‌ವರ್ಡ್ ಕಣ್ಣೆದುರಿಗೇ. ಯಾರದ್ದೋ ಒಬ್ಬರ ಸಡಿಲ ಪ್ಲಗಿನ್‌ನಿಂದ ಒಳಗೆ ಬಂದವನು ಬೀದಿಯ ಅಷ್ಟೂ ಮನೆ ದೋಚಬಹುದಿತ್ತು. ಎಷ್ಟೋ ಸೈಟುಗಳ ಮೊದಲ ಪುಟ ರಾತ್ರೋರಾತ್ರಿ ಬದಲಾಗಿ ಹೋಗಿದ್ದು ಹೀಗೆ.

ಎಂಜಿನ್‌ಎಕ್ಸ್ 2012ರಲ್ಲಿ ಸಿಮ್‌ಲಿಂಕ್ ತಡೆಯೋ ಆಯ್ಕೆ ಕೊಟ್ಟಿತು. 2020ರ ಲಿನಕ್ಸ್ 5.6ರಲ್ಲಿ 'ಈ ಡೈರೆಕ್ಟರಿಯ ಹೊರಗೆ ಹೋಗಬೇಡ, ಲಿಂಕ್ ಹಿಡಿಯಬೇಡ' ಅಂತ ತೆರೆಯುವಾಗಲೇ ಕರ್ನಲ್‌ಗೆ ಹೇಳೋ ದಾರಿ ಬಂತು. ಪರೀಕ್ಷೆ ಮತ್ತು ತೆರೆಯೋದು ಒಂದೇ ಹೆಜ್ಜೆಯಲ್ಲಿ ಆದರೆ ನಡುವೆ ನುಸುಳೋಕೆ ಜಾಗ ಇರಲ್ಲ.

ಹಂಗಾದ್ರೆ 403 ಬಂದಾಗ ಮಾಡೋದೇನು?

ಇತಿಹಾಸ ಹೇಳಿದ ಕ್ರಮದಲ್ಲೇ ಹುಡುಕಿ. ಮೊದಲು ಎರರ್ ಲಾಗ್ ಓದಿ. ಬ್ರೌಸರ್ ಹೇಳೋದು ಬರೀ 403, ಕಾರಣ ಇರೋದು ಲಾಗ್‌ನಲ್ಲಿ.

13 ಅನ್ನೋ ನಂಬರ್ ಕಂಡರೆ ಅದು 70ರ ದಶಕದ ಸಮಸ್ಯೆ, ಅಂದರೆ ದಾರಿಯಲ್ಲಿ ಯಾರೋ ಬೇಲಿ ಹಾಕಿದ್ದಾರೆ. 'ನೇಮ್‌ಐ -ಎಲ್' ಅಂತ ಬರೆದು ಮುಂದೆ ಪೂರ್ತಿ ದಾರಿ ಕೊಡಿ. ಬೇರಿನಿಂದ ಕೊನೆಯವರೆಗೆ, ಲಿಂಕ್‌ಗಳನ್ನೂ ಬಿಡಿಸಿ, ಒಂದೊಂದರ ಮಾಲೀಕ ಮತ್ತು ಅನುಮತಿಯನ್ನ ಸಾಲಾಗಿ ತೋರಿಸುತ್ತೆ. ಹೆಸರಿನಿಂದ ಐನೋಡ್‌ಗೆ ಹೋಗೋ ಹಳೇ ಯುನಿಕ್ಸ್ ಕರ್ನಲ್‌ನ ಫಂಕ್ಷನ್ ಹೆಸರೇ ಈ ಕಮಾಂಡ್‌ಗೂ ಇರೋದು. ಬಹಳ ಸಲ ಬೇಲಿ ಇರೋದು ಹೋಮ್ ಡೈರೆಕ್ಟರಿಯಲ್ಲಿ. ಉಬುಂಟು 21.04ರಿಂದ ಹೊಸ ಹೋಮ್‌ಗಳಿಗೆ 755ರ ಬದಲು 750 ಕೊಡೋಕೆ ಶುರುಮಾಡಿದೆ. 'ಉಳಿದವರಿಗೆ' ಸೊನ್ನೆ. ವರ್ಷಗಟ್ಟಲೆ ನಡೆಯುತ್ತಿದ್ದ ಲಿಂಕ್ ಹೊಸ ಯಂತ್ರದಲ್ಲಿ ಯಾಕೆ ನಡೆಯಲ್ಲ ಅನ್ನೋದಕ್ಕೆ ಎಷ್ಟೋ ಸಲ ಉತ್ತರ ಇಷ್ಟೇ.

ಇದಕ್ಕೆ 777 ಬೇಡ. ದಾಟೋ ಹಕ್ಕು ಮಾತ್ರ ಸಾಕು, 'ಉಳಿದವರಿಗೆ' 1. ಇನ್ನೂ ಬಿಗಿ ಬೇಕಾದರೆ ಎಸಿಎಲ್ ಬಳಸಿ ಸರ್ವರ್ ಬಳಕೆದಾರನಿಗೊಬ್ಬನಿಗೇ ಆ ಹಕ್ಕು ಕೊಡಬಹುದು. ಎಲ್ಲಕ್ಕಿಂತ ಒಳ್ಳೇದು, ಜಗತ್ತಿಗೆ ಕಾಣಬೇಕಾದ್ದನ್ನ ಹೋಮ್‌ನಲ್ಲಿ ಇಡದೇ 'ಎಸ್‌ಆರ್‌ವಿ' ಥರದ ಜಾಗಕ್ಕೆ ಸಾಗಿಸೋದು. ಡೈರೆಕ್ಟರಿಗೆ 755, ಫೈಲಿಗೆ 644 ಸಾಮಾನ್ಯವಾಗಿ ಸಾಕಾಗುತ್ತೆ. ಪಾಸ್‌ವರ್ಡ್ ಇರೋ ಫೈಲಿಗೆ ಅದಕ್ಕಿಂತಲೂ ಕಮ್ಮಿ. ಹೋಮ್‌ಗೆ 777 ಕೊಟ್ಟರೆ ಆಗೋದೇ ಬೇರೆ: ನಿಮ್ಮ ಹೋಮ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು ಅಂತ ಕಂಡ ಕೂಡಲೇ ಎಸ್‌ಎಸ್‌ಎಚ್ ನಿಮ್ಮ ಕೀಲಿಯನ್ನೇ ನಂಬಲ್ಲ. ವೆಬ್ ಸೈಟ್ ತೆರೆಯೋಕೆ ಹೋಗಿ ನೀವೇ ಹೊರಗೆ ನಿಲ್ಲಬೇಕಾಗುತ್ತೆ.

ಲಾಗ್‌ನಲ್ಲಿ 'ಸಿಂಬಾಲಿಕ್ ಲಿಂಕ್ ನಾಟ್ ಅಲೌಡ್' ಅಂತ ಇದ್ದರೆ ಅದು 1993ರ ಬಾಗಿಲು. ಆದರೆ ಸಾಲು ಅಲ್ಲಿಗೇ ಮುಗಿಯಲ್ಲ, 'ಅಥವಾ ಗುರಿ ತಲುಪೋಕೆ ಆಗ್ತಿಲ್ಲ' ಅಂತಲೂ ಸೇರಿಸಿ ಹೇಳಿರುತ್ತೆ. ಹಾಗಾಗಿ ಮೊದಲು ನೇಮ್‌ಐ ನೋಡಿ, ಆಮೇಲೆ ಕಾನ್ಫಿಗ್. ಅಲ್ಲಿ 'ಓನರ್ ಮ್ಯಾಚ್' ಇದ್ದರೆ ಮಾಲೀಕರನ್ನ ಹೋಲಿಸಿ. ಸುಡೋ ಬಳಸಿ ಲಿಂಕ್ ಹಾಕಿದ್ದರೆ ಲಿಂಕ್ ರೂಟ್‌ನದ್ದು, ಫೈಲ್ ನಿಮ್ಮದು, ತಾಳೆ ಆಗಲ್ಲ. ಲಿಂಕಿನ ಮಾಲೀಕನನ್ನ ಬದಲಾಯಿಸೋಕೆ ಸಿಎಚ್‌ಓನ್ ಜೊತೆ '-ಎಚ್' ಬೇಕು. ಅದಿಲ್ಲದಿದ್ದರೆ ಬದಲಾಗೋದು ಲಿಂಕ್ ಅಲ್ಲ, ಅದು ತೋರಿಸೋ ಫೈಲಿನ ಮಾಲೀಕ.

ಎರಡೂ ಸರಿಯಿದ್ದು ಇನ್ನೂ 13 ಬರ್ತಿದ್ದರೆ, ಅದೂ ರೆಡ್‌ಹ್ಯಾಟ್ ವಂಶದ ಯಂತ್ರವಾದರೆ, ಎಸ್‌ಇಲಿನಕ್ಸ್ ನೋಡಿ. ಅಮೆರಿಕದ ಎನ್‌ಎಸ್‌ಎ 2000ದ ಕೊನೆಗೆ ಹೊರಬಿಟ್ಟ ಈ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಒಂದು ಚೀಟಿ ಅಂಟಿಸಿರುತ್ತೆ. ಹೋಮ್‌ನಿಂದ 'ಎಂವಿ' ಮಾಡಿದ ಫೈಲು ಹೋಮ್‌ನ ಚೀಟಿಯನ್ನೇ ಹೊತ್ತುಕೊಂಡು ಬರುತ್ತೆ, ಸರ್ವರ್ ಅದನ್ನ ಮುಟ್ಟಲ್ಲ. 'ರಿಸ್ಟೋರ್‌ಕಾನ್' ಓಡಿಸಿದರೆ ಚೀಟಿ ಸರಿಹೋಗುತ್ತೆ. ಎಸ್‌ಇಲಿನಕ್ಸ್ ಅನ್ನೇ ಬಂದ್ ಮಾಡೋ ಸಲಹೆ 777ರ ತಮ್ಮ.

ಅನುಮತಿಯ ವಿಷಯದಲ್ಲಿ ಧಾರಾಳತನ ಎಷ್ಟು ದುಬಾರಿ ಅನ್ನೋದಕ್ಕೆ 2016ರ ಒಂದು ಪ್ರಕರಣ ಸಾಕು. ಡೆಬಿಯನ್‌ನ ಎಂಜಿನ್‌ಎಕ್ಸ್ ಪ್ಯಾಕೇಜ್‌ನಲ್ಲಿ ಲಾಗ್ ಡೈರೆಕ್ಟರಿಯ ಮಾಲೀಕತ್ವ ವೆಬ್ ಸರ್ವರ್ ಬಳಕೆದಾರನ ಕೈಯಲ್ಲಿತ್ತು. ಸೈಟಿನ ಮೂಲಕ ಒಳಗೆ ಬಂದವನು ಲಾಗ್ ಫೈಲ್ ತೆಗೆದು ಅದೇ ಹೆಸರಲ್ಲಿ ಒಂದು ಸಿಮ್‌ಲಿಂಕ್ ಇಟ್ಟು ಕಾದರೆ ಸಾಕಿತ್ತು. ದಿನಕ್ಕೊಮ್ಮೆ ಲಾಗ್ ತಿರುಗಿಸೋ ಹೊತ್ತಿಗೆ ರೂಟ್ ಅಧಿಕಾರದಲ್ಲಿ ಎಂಜಿನ್‌ಎಕ್ಸ್ ಆ ಲಿಂಕ್ ಹಿಡಿದು ಹೋಗುತ್ತಿತ್ತು, ಅಲ್ಲಿಂದ ಇಡೀ ಯಂತ್ರ ಅವನ ಕೈಗೆ. ತಿದ್ದಿದ್ದು ಹೇಗೆ? ಆ ಡೈರೆಕ್ಟರಿಯ ಮಾಲೀಕತ್ವವನ್ನ ರೂಟ್‌ಗೆ ಕೊಟ್ಟು.

ಹಾಗಾಗಿ ಮುಂದಿನ ಸಲ 403 ಕಂಡಾಗ ಅದನ್ನ ಯಂತ್ರದ ಹಟ ಅಂದುಕೊಳ್ಳಬೇಡಿ. ಆ ಯಂತ್ರದಲ್ಲಿ ನಿಮ್ಮ ಜೊತೆ ಇನ್ನೂ ನಾಲ್ಕು ಜನರ ಫೈಲುಗಳಿರಬಹುದು, ನಿಮ್ಮ ಗ್ರಾಹಕರ ಪಾಸ್‌ವರ್ಡ್‌ಗಳಿರಬಹುದು. ಐದು ನಿಮಿಷ ಕೂತು ನೇಮ್‌ಐ ಓಡಿಸಿ, ಬೇಲಿ ಎಲ್ಲಿದೆ ಅಂತ ನೋಡಿ. ಅಲ್ಲಿ ಒಬ್ಬರು ದಾಟೋವಷ್ಟು ಉಣಗೋಲು ಇಟ್ಟರೆ ಕೆಲಸ ಮುಗೀತು. ಉಳಿದ ಬೇಲಿ ಹಾಗೇ ಇರಲಿ.